ಮಣ್ಣೆಯ ತಾಮ್ರಪಟಗಳೂ ಟಿಪ್ಪಣಿಯ ಕವಲುಗಳೂ

ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಸಣ್ಣ ಊರು. ಗಂಗರ ಕಾಲದಲ್ಲಿ ಅದೇ ಮಾನ್ಯಪುರ. ಅಲ್ಲಿಯ ಎರಡು ತಾಮ್ರಶಾಸನಗಳು ಜೈನ ಇತಿಹಾಸದ ಅಭ್ಯಾಸಿಗಳಿಗೆ ಸುಪರಿಚಿತ. ಕ್ರಿ.ಶ. 797ರ ಗಂಗ ಮಾರಸಿಂಹನ ಶಾಸನವು ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಸಂದ ದತ್ತಿಯನ್ನು ಹೇಳುತ್ತದೆ. 802ರ ಶಾಸನದಲ್ಲಿ ಅದೇ ಜಿನಾಲಯಕ್ಕೆ ರಾಷ್ಟ್ರಕೂಟರ ದತ್ತಿಯಿದೆ. ಐದು ವರ್ಷಗಳ ಅಂತರದಲ್ಲಿ ಕೊಡುವ ರಾಜಮನೆತನ ಬದಲಾಗಿದೆ. ಪಡೆಯುವ ಜಿನಾಲಯ ಬದಲಾಗಿಲ್ಲ.

ಇವೆರಡನ್ನು ಅಕ್ಕಪಕ್ಕ ಇಟ್ಟಾಗಲೇ ಈ ಮಾತು ಹೊಳೆಯುವುದು. ದೊಡ್ಡಬಳ್ಳಾಪುರದ ನಿವೃತ್ತ ಅಧ್ಯಾಪಕರೊಬ್ಬರ ಟಿಪ್ಪಣಿಗಳಲ್ಲಿ ಅವು ಅಕ್ಕಪಕ್ಕ ಇರಲಿಲ್ಲ. ಒಂದು ಗಂಗರ ಕಟ್ಟಿನಲ್ಲಿತ್ತು, ಇನ್ನೊಂದು ರಾಷ್ಟ್ರಕೂಟರ ಕಟ್ಟಿನಲ್ಲಿ. ಮೂವತ್ತು ವರ್ಷಗಳ ಚೀಟಿಗಳನ್ನು ಗಣಕಕ್ಕೆ ಏರಿಸಲು ಹೊರಟ ಅವರು ಔಟ್‌ಲೈನರ್ ಎಂಬ ಬಗೆಯ ತಂತ್ರಾಂಶವನ್ನು ಹುಡುಕಿದರು. ಅದರಲ್ಲಿ ತಲೆಬರಹದ ಕೆಳಗೆ ಉಪಶೀರ್ಷಿಕೆ, ಅದರ ಕೆಳಗೆ ಟಿಪ್ಪಣಿ. ಬೇಕಾದ ಕವಲನ್ನು ಬಿಡಿಸಬಹುದು, ಬೇಡವಾದುದನ್ನು ಮಡಚಬಹುದು. ಆದರೆ ಮರದಲ್ಲಿ ಒಂದು ಎಲೆ ಒಂದೇ ಕೊಂಬೆಗೆ ಸೇರಿರುತ್ತದೆ. ಚೀಟಿಗಳ ಕಟ್ಟಿನ ತೊಡಕು ಇಲ್ಲಿಯೂ ತಪ್ಪಲಿಲ್ಲ.

ಈ ತೊಡಕು ಹಳೆಯದು. 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ ಬಿ. ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಅಳವಡಿಸಿದರು. ಪೀಠಿಕೆಯಲ್ಲಿ ಅವನ್ನೇ ರಾಜವಂಶಗಳ ಕ್ರಮದಲ್ಲಿ ವಿವೇಚಿಸಿದರು. ಶಾಸನ ಒಂದೇ ಕಡೆ ಅಚ್ಚಾಯಿತು, ಅದನ್ನು ತಲುಪುವ ದಾರಿ ಎರಡಾಯಿತು. ವಸ್ತುವಿಗೆ ಅನೇಕ ಧರ್ಮಗಳಿವೆಯೆಂದು ಒಪ್ಪುವ ಅನೇಕಾಂತದ ಪರಂಪರೆಯವರಿಗೆ ಇದು ಹೊಸತೆನಿಸದು.

ಅಧ್ಯಾಪಕರ ಮುಂದೆ ಎರಡು ಆಯ್ಕೆಗಳಿದ್ದವು. ವರ್ಕ್‌ಫ್ಲೋಯಿಯಲ್ಲಿ ಒಂದೇ ಟಿಪ್ಪಣಿಯನ್ನು ಹಲವು ಕವಲುಗಳಲ್ಲಿ ಪ್ರತಿಬಿಂಬವಾಗಿ ಇಡಬಹುದು. ಒಂದೆಡೆ ತಿದ್ದಿದರೆ ಎಲ್ಲೆಡೆ ತಿದ್ದುತ್ತದೆ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಆರಂಭಿಸಿದ ಆರ್ಗ್ ಮೋಡ್ ಕಲಿಯಲು ಕಷ್ಟ; ಆದರೆ ಅದರ ಕಡತ ಬರಿಯ ಪಠ್ಯ, ತಂತ್ರಾಂಶ ಇಲ್ಲವಾದರೂ ಓದಬಹುದು. ಹಿಂದೆ ನುಡಿಯ ಹಳೆಯ ಅಕ್ಷರ ಸಂಕೇತದಲ್ಲಿ ಬೆರಳಚ್ಚಿಸಿದ್ದ ಅವರ ಬರಹಗಳು ಯೂನಿಕೋಡ್ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಆ ನಷ್ಟ ಕಂಡಿದ್ದವರು ಎರಡನೆಯದನ್ನೇ ಆರಿಸಿಕೊಂಡರು. ಒಂದು ಟಿಪ್ಪಣಿಗೆ ಹಲವು ಗುರುತುಪದಗಳನ್ನು ಅಂಟಿಸುವ ಸೌಲಭ್ಯ ಅದರಲ್ಲಿಯೂ ಇದೆ.

ಆದರೂ ಒಂದು ಕೆಲಸ ತಂತ್ರಾಂಶಕ್ಕೆ ಮೀರಿದುದು. ಮಣ್ಣೆ ಎಂದು ಹುಡುಕಿದವರಿಗೆ ಮಾನ್ಯಪುರ ದೊರೆಯದು; ಮಾನ್ಯ ಎಂದಷ್ಟೇ ಹುಡುಕಿದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೂ ಬಂದು ಬೆರೆಯುತ್ತದೆ. ಆದ್ದರಿಂದ ಅವರು ಪ್ರತಿ ಟಿಪ್ಪಣಿಗೂ ಊರಿನ ಹಳೆಯ ಹೆಸರು, ಇಂದಿನ ಹೆಸರು, ತಾಲ್ಲೂಕು, ಸಂಪುಟ, ಶಾಸನಸಂಖ್ಯೆ, ಇವಿಷ್ಟನ್ನೂ ಕೈಯಾರೆ ಬರೆಯತೊಡಗಿದ್ದಾರೆ. ದಿನಕ್ಕೆ ಹತ್ತು ಚೀಟಿ ಮುಗಿದರೆ ಹೆಚ್ಚು. ಅವರ ನಂತರ ಆ ಕಡತವನ್ನು ತೆರೆಯುವವರು ಯಾರಾದರೂ ಆಗಲಿ, ಶ್ರೀವಿಜಯನ ಜಿನಾಲಯವನ್ನು ಯಾವ ದಾರಿಯಿಂದ ಹೊರಟರೂ ತಲುಪಬಲ್ಲರು.