ತಾತನ ಹರಗೋಲು

ದಢೇಸುಗೂರಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಒಂದು ಹರಗೋಲು ಬಹಳ ವರ್ಷಗಳಿಂದ ಬೋರಲಾಗಿ ಬಿದ್ದಿತ್ತು. ಅದರ ಕೆಳಗೆ ಕೋಳಿಗಳು ಕಾವಿಗೆ ಕೂಡುತ್ತಿದ್ದವು. ಮೇಲೆ ಅವ್ವ ಹೊಟ್ಟಿನ ಚೀಲ ಇಡುತ್ತಿದ್ದಳು. ಸಿರುಗುಪ್ಪದ ಬಸ್ಸುಗಳು ಸೇತುವೆಯ ಮೇಲೆ ಓಡಾಡುವ ಕಾಲದಲ್ಲೂ ಆಚೆ ದಡದ ಹೊಲಗಳಿಗೆ ಆಳುಕಾಳುಗಳನ್ನು ದಾಟಿಸುತ್ತಿದ್ದವ ನಮ್ಮ ತಾತ. ತಾತ ಹೋದ, ಹರಗೋಲು ಉಳಿಯಿತು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಒಂದು ದಿನ ಅದನ್ನು ಮಗುಚಿ ನೋಡಿದೆ. ತಳದ ದಬ್ಬೆಗಳನ್ನು ಗೆದ್ದಲು ತಿಂದಿತ್ತು, ಒಂದು ಮಗ್ಗುಲಿನ ಅಂಚು ಮಾತ್ರ ಗಟ್ಟಿಯಾಗಿತ್ತು. ಇದನ್ನು ಮತ್ತೆ ಹೊಳೆಗೆ ಇಳಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು.

ಹಳೆಯ ಮೋಟಾರು ದೋಣಿಯಾಗಿದ್ದರೆ ಇಷ್ಟು ಕಷ್ಟವಿರಲಿಲ್ಲವೇನೋ. ಅದಕ್ಕೊಂದು ಕಂಪನಿಯ ಹೆಸರಿರುತ್ತದೆ, ಇಂಜಿನ್ನಿನ ಮೇಲೆ ನಂಬರಿರುತ್ತದೆ. ಆ ನಂಬರು ಹಿಡಿದು ಹೊರಟರೆ ಎಲ್ಲಾದರೂ ಅದರ ಕೈಪಿಡಿ ಸಿಕ್ಕೀತು. ಹರಗೋಲಿಗೆ ಕಂಪನಿ ಯಾವುದು, ನಂಬರೆಲ್ಲಿ?

ಆದರೂ ಮಾಸ್ತರನ ಬುದ್ಧಿ, ಮೊದಲು ಪುಸ್ತಕದ ಕಡೆಗೇ ಓಡಿತು. ಕೃಷ್ಣದೇವರಾಯನ ಕಾಲಕ್ಕೆ, ಸುಮಾರು ೧೫೨೦ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೋ ಪಾಯೆಸ್ ಇದೇ ತುಂಗಭದ್ರೆಯಲ್ಲಿ ಹರಗೋಲು ನೋಡಿದ್ದಾನೆ. ಅವನ ಬರಹವನ್ನು ರಾಬರ್ಟ್ ಸೆವೆಲ್ ೧೯೦೦ರಲ್ಲಿ ಇಂಗ್ಲಿಷಿಗೆ ತಂದ. ಬುಟ್ಟಿಯಂತೆ ದುಂಡಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಅದು ನೆಟ್ಟಗೆ ಹೋಗದೆ ಸದಾ ತಿರುಗುತ್ತಿರುತ್ತದೆ ಎಂದು ಅವನು ಬರೆದಿದ್ದಾನೆ. ಓದಿ ಹಿಗ್ಗಿದೆ, ಆದರೆ ಗೆದ್ದಲು ತಿಂದ ತಳಕ್ಕೆ ಏನು ಮಾಡಬೇಕೆಂಬುದು ಅದರಲ್ಲಿರಲಿಲ್ಲ. ಮದ್ರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ೧೯೩೩ರಲ್ಲಿ ದಕ್ಷಿಣ ಭಾರತದ ಹರಗೋಲುಗಳ ಮೇಲೆ ಲೇಖನ ಬರೆದಿದ್ದನೆಂದು ತಿಳಿಯಿತು. ಲೇಖನ ಕೈಗೆ ಸಿಗಲಿಲ್ಲ. ಹನ್ನೆರಡನೆಯ ಶತಮಾನದ ನಮ್ಮ ಅಂಬಿಗರ ಚೌಡಯ್ಯನೋ ಭವಸಾಗರ ದಾಟಿಸುವ ಮಾತಾಡಿದ, ಬಿದಿರು ಎಷ್ಟು ಮೊಳ ಬೇಕೆಂದು ಹೇಳಲಿಲ್ಲ.

ಕೊನೆಗೆ ನಮ್ಮ ಓಣಿಯ ಹಿರಿಯನೊಬ್ಬನ ಬಳಿ ಹೋದೆ. ತಾತನ ಜೊತೆ ಹುಟ್ಟು ಹಾಕಿದವ, ಈಗ ಕಣ್ಣು ಮಂಜು. ನನ್ನ ಕತೆಯೆಲ್ಲ ಕೇಳಿ ನಕ್ಕ. "ಬುಕ್ಕ ಬರದವರು ಕುಂತು ದಾಟಿದವರಪ ಮಾಸ್ತರ, ಕಟ್ಟಿದವರಲ್ಲ" ಎಂದ.

ಕೋಲೂರಿಕೊಂಡು ಬಂದು ಹರಗೋಲನ್ನು ಬೆರಳಿನಿಂದಲೇ ಓದಿದ. ನಾನು ನೋಟುಬುಕ್ಕು ತೆಗೆದು, "ಅಂಚು ಎಷ್ಟು ಅಡಿ ಎತ್ತರ ಇರಬೇಕು, ತಾತಾ?" ಎಂದೆ.

"ಅಡಿ-ಪಡಿ ನನಗ ತಿಳಿಯಂಗಿಲ್ಲ. ಕಟ್ಟಿದವನ ತೊಡಿಮಟ ಬರಬೇಕು. ನಿಮ್ಮ ತಾತ ಗಿಡ್ಡ ಇದ್ದ, ಅದಕ್ಕ ನಿಮ್ಮದು ಗಿಡ್ಡ ಅದ."

ನನ್ನ ಪೆನ್ನು ನಿಂತಿತು. ತಾತನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಚಿಕ್ಕವನಿದ್ದಾಗ ಇದೇ ಹರಗೋಲಿನಲ್ಲಿ ಸಾಲೆಯ ಗೆಳೆಯರು ಹತ್ತಿದರೆ, ಹುಟ್ಟು ಹಾಕುವವನು ನನ್ನ ತಾತ ಎಂದು ಹೇಳಲು ನಾಚಿ, ಮುಖ ಆ ಕಡೆ ತಿರುಗಿಸಿ ಕೂಡುತ್ತಿದ್ದೆ. ಅವನ ಕೈಗಳು ಏನು ಮಾಡುತ್ತಿದ್ದವೆಂದು ಒಮ್ಮೆಯೂ ನೋಡಿರಲಿಲ್ಲ. ಅವನ ಎತ್ತರ ಈ ಅಂಚಿನಲ್ಲಿ ಉಳಿದುಕೊಂಡಿತ್ತು. ಹಳೆಯ ಅಂಚನ್ನು ಬಿಚ್ಚಬಾರದೆಂದು ಆಗಲೇ ನಿಶ್ಚಯಿಸಿದೆ.

ಮುಂದಿನದೆಲ್ಲ ಹಿರಿಯ ಹೇಳಿದಂತೆ. ಮೇದಾರರಿಂದ ಹಸಿಬಿದಿರು ಸೀಳಿಸಿ ತಂದು ನೀರಲ್ಲಿ ನೆನೆಹಾಕಿದೆವು. ನೆಲದ ಮೇಲೆ ದಬ್ಬೆಗಳನ್ನು ಅಡ್ಡಡ್ಡ ಹೆಣೆದು, ನಡುವೆ ಕಲ್ಲು ಹೇರಿ, ಸುತ್ತಲಿನ ತುದಿಗಳನ್ನು ನಿಧಾನವಾಗಿ ಬಗ್ಗಿಸಿ ಹಳೆಯ ಅಂಚಿಗೆ ತಂದು ಬಿಗಿದೆವು. ಅವಸರ ಮಾಡಿದ ಎರಡು ದಬ್ಬೆ ನನ್ನ ಕೈಯಲ್ಲೇ ಲಟಕ್ಕನೆ ಮುರಿದವು. ಹಿಂದೆ ತೊಗಲು ಹೊದಿಸುತ್ತಿದ್ದರು; ನಾವು ತಾಡಪತ್ರಿ ಹೊದಿಸಿ ಡಾಂಬರು ಬಳಿದೆವು.

೨೦೨೪ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋಗಿ ಹೊಳೆಯ ಹತ್ತಿರ ಹೋಗುವಂತಿರಲಿಲ್ಲ. ನೀರು ಇಳಿದು ತಿಳಿಯಾದ ಮೇಲೆ ಹರಗೋಲನ್ನು ಇಳಿಸಿದೆವು. ಒಂದು ಹನಿಯೂ ಒಳಗೆ ಬರಲಿಲ್ಲ. ಆದರೆ ನಾನು ಹುಟ್ಟು ಹಾಕಿದೊಡನೆ ಅದು ಬುಗುರಿಯಂತೆ ಗರಗರ ತಿರುಗತೊಡಗಿತು. ಪಾಯೆಸ್ ಬರೆದದ್ದು ನಿಜವೆಂದು ಕೂಗಿ ಹೇಳಿದೆ.

"ಅಂವಗ ತಿಳೀಲಿಲ್ಲ, ನಿನಗೂ ತಿಳೀಲಿಲ್ಲ" ಎಂದು ಹಿರಿಯ ದಡದಿಂದಲೇ ಬೈದ. "ಮಗ್ಗಲಿಗೆ ಹಾಕಬ್ಯಾಡ. ಮುಂದ ಹಾಕಿ ನಿನ್ನ ಕಡೆ ಎಳಕೋ!"

ಹಾಗೇ ಮಾಡಿದೆ. ತಾತನ ಹರಗೋಲು ನೆಟ್ಟಗೆ ಮುಂದೆ ಹೋಯಿತು. ದಡಕ್ಕೆ ಬಂದವನೇ ಕೈ ಒರೆಸಿಕೊಂಡು ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆ.