ಕಂಟೋನ್ಮೆಂಟ್ ಕಥೆಗಳು: ಬೆಂಗಳೂರು ಮುಸ್ಲಿಮ್ಸ್

‘ಬೆಂಗಳೂರಲ್ಲಿ ಫುಟ್‌ಬಾಲ್ ಶುರುವಾಗಿದ್ದೇ ಬಿಎಫ್‌ಸಿಯಿಂದ’ ಅಂತ ಯಾರಾದ್ರೂ ಅಂದ್ರೆ, ಶಿವಾಜಿನಗರದಲ್ಲಿ ಬೆಳೆದ ನಂಗೆ ಸುಮ್ನಿರೋಕಾಗಲ್ಲ. ಬಿಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು, ಸಂತೋಷ. ಆದ್ರೆ ಸ್ವಲ್ಪ ಹಿಂದಕ್ಕೆ ಹೋಗೋಣ, 1937ಕ್ಕೆ.

ಬೊಂಬಾಯಿಯ ರೋವರ್ಸ್ ಕಪ್ ಶುರುವಾಗಿದ್ದು 1891ರಲ್ಲಿ. ಅಲ್ಲಿಂದ ನಲವತ್ತಕ್ಕೂ ಹೆಚ್ಚು ವರ್ಷ ಕಪ್ ಬ್ರಿಟಿಷ್ ಪಲ್ಟನ್‌ಗಳ ಕೈಯಲ್ಲೇ ಓಡಾಡ್ತಿತ್ತು. 1937ರ ಫೈನಲ್‌ಗೆ ಬಂದ ಎರಡೂ ತಂಡ ನಮ್ಮ ದೇಶದವು. ಒಂದು, ಸತತ ನಾಲ್ಕು ವರ್ಷ ಕಲ್ಕತ್ತಾ ಲೀಗ್ ಗೆದ್ದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಇನ್ನೊಂದು ನಮ್ಮ ಬೆಂಗಳೂರು ಮುಸ್ಲಿಮ್ಸ್. 1-0. ಕಪ್ ಬೆಂಗಳೂರಿಗೆ!

ಮರುವರ್ಷ ಫೈನಲ್‌ನಲ್ಲಿ ಎದುರಿಗಿದ್ದಿದ್ದು ಸ್ಕಾಟ್ಲೆಂಡಿನ ಪಲ್ಟನ್. ಅವರನ್ನೂ ಸೋಲಿಸಿದ್ರು. ಈ ಆಟ ನಮ್ಮೂರಿಗೆ ಬಂದಿದ್ದೇ ದಂಡಿನ ಸೋಲ್ಜರ್‌ಗಳ ಜೊತೆ ಅನ್ನೋದು ನೆನಪಾದಾಗೆಲ್ಲ ಈ ಗೆಲುವು ನಂಗೆ ಇನ್ನೂ ಇಷ್ಟ ಆಗುತ್ತೆ. 1948ರಲ್ಲಿ ಮೋಹನ್ ಬಗಾನ್ ವಿರುದ್ಧ ಮೂರನೇ ಸಲ ಗೆದ್ದರು.

ಈ ತಂಡದಲ್ಲಿ ಆಡಿದ ಅಹ್ಮದ್ ಖಾನ್ ಅದೇ 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೂ ಹೋದರು. ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. 2-1ರಿಂದ ಸೋತರೂ ಭಾರತದ ಆ ಒಂದು ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಆಮೇಲೆ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಕಲ್ಕತ್ತಾದವರು ಅವರನ್ನ ಇವತ್ತಿಗೂ ‘ಪಂಚಪಾಂಡವ’ರಲ್ಲಿ ಒಬ್ಬರು ಅಂತ ನೆನೀತಾರೆ. 2017ರಲ್ಲಿ ಅವರು ತೀರಿಕೊಂಡಿದ್ದು ಇಲ್ಲೇ, ನಮ್ಮ ಬೆಂಗಳೂರಲ್ಲೇ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯ್ತು?

ಹಲಸೂರು, ಶಿವಾಜಿನಗರ ಕಡೆ ಇರೋರೇ, ನಿಮ್ಮ ತಾತನ ಟ್ರಂಕ್‌ನಲ್ಲಿ ಈ ತಂಡದ ಫೋಟೋ ಏನಾದ್ರೂ ಇದ್ರೆ ಮೆಸೇಜ್ ಮಾಡಿ. ನಾನೇ ಬಂದು ಸ್ಕ್ಯಾನ್ ಮಾಡ್ಕೋತೀನಿ.