ಟ್ಯೂಬ್ ಡೈರಿ, ಭಾಗ 4: ಹಾಕಿದ ಗಂಜಿ ವಾಪಸ್ ಬಂದಾಗ

ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿದ ಕಥೆ ಕಳೆದ ಸಲ ಹೇಳಿದ್ದೆ. ಟ್ಯೂಬ್ ಹೋಯ್ತಲ್ಲ, ಇನ್ನು ಅಜ್ಜಿ ಊಟದ ಚಿಂತೆ ಇಲ್ಲ ಅಂದ್ಕೊಂಡಿದ್ವಿ. ಆದ್ರೆ ಹೊಟ್ಟೆ ಒಪ್ಪಬೇಕಲ್ಲ!

ಸ್ಟ್ರೋಕ್ ಆಗಿ ಐಸಿಯುನಲ್ಲಿ 4ನೇ ದಿನ. ಫೀಡ್‌ಗೆ ಮುಂಚೆ ಸಿಸ್ಟರ್ ಸಿರಿಂಜಿನಲ್ಲಿ ಹೊಟ್ಟೇಲಿ ಉಳಿದಿದ್ದನ್ನ ಎಳೆದು ನೋಡ್ತಾರೆ. ಅವತ್ತು 50 ಎಂಎಲ್ ಸಿರಿಂಜ್ 6 ಸಲ ತುಂಬ್ತು. ಮಧ್ಯಾಹ್ನ ವಾಂತಿ ಬೇರೆ. ಫೀಡ್ ನಿಲ್ಸಿದ್ರು. "ಬೆಳಗ್ಗಿಂದ ಅತ್ತೆ ಹೊಟ್ಟೆಗೆ ಏನೂ ಇಲ್ಲ" ಅಂತ ಅಮ್ಮ ಕಾರಿಡಾರ್‌ನಲ್ಲೇ ಅತ್ರು. ಫೀಡ್ ಕೊಟ್ರೆ ವಾಂತಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗೋ ಭಯ, ಕೊಡದಿದ್ರೆ ಮೊದಲೇ ಸೊರಗಿದ ಜೀವ ಇನ್ನೂ ಸೊರಗುತ್ತೆ.

(ಕ್ಲಾಸ್‌ಮೇಟ್ಸ್‌ಗೆ: 2016ರ ಅಮೆರಿಕನ್ ಗೈಡ್‌ಲೈನ್ ಪ್ರಕಾರ ಬೇರೆ ತೊಂದರೆ ಇಲ್ಲದಿದ್ರೆ, ಉಳಿದಿರೋದು 500 ಎಂಎಲ್‌ಗಿಂತ ಕಮ್ಮಿ ಅಂದ್ರೆ ಫೀಡ್ ನಿಲ್ಲಿಸಬೇಕಿಲ್ಲ. ಅಜ್ಜಿಗೆ ವಾಂತಿ ಆಗಿತ್ತು, ಅದಕ್ಕೇ ನಿಲ್ಸಿದ್ದು.)

ತಲೆ ಕಡೆ ಮಂಚ ಎತ್ತರಿಸಿದ್ರು, ಶುಗರ್ ನೋಡಿದ್ರು. ಶುಗರ್ ಜಾಸ್ತಿ ಇದ್ರೂ ಹೊಟ್ಟೆ ನಿಧಾನ ಆಗುತ್ತೆ. ಆಮೇಲೆ ಬಂದಿದ್ದು ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್. ಡೋಪಮೈನ್ ಹೊಟ್ಟೆಯ ಚಲನೆಯನ್ನ ತಡೆಯುತ್ತೆ, ಈ ಔಷಧ ಆ ಡೋಪಮೈನನ್ನೇ ತಡೆಯುತ್ತೆ. ಗಂಜಿ ಕೆಳಗೆ ಕರುಳಿಗೆ ಇಳಿಯುತ್ತೆ.

ಇನ್ನೊಂದು ದಾರಿ ಎರಿತ್ರೋಮೈಸಿನ್. ಹೌದು, ಅದೇ ಆಂಟಿಬಯೋಟಿಕ್! ಹೊಟ್ಟೆ ಸಂಕುಚಿಸೋಕೆ ಹೇಳೋ ಮೋಟಿಲಿನ್ ಅನ್ನೋ ಹಾರ್ಮೋನ್ ಥರ ಇದೂ ಕೆಲಸ ಮಾಡುತ್ತೆ. ಅದನ್ನ ನುಂಗಿದವರಿಗೆ ಹೊಟ್ಟೆ ನುಲಿಯೋದು ಇದಕ್ಕೇ. ಸೈಡ್ ಎಫೆಕ್ಟನ್ನೇ ಔಷಧ ಮಾಡ್ಕೊಂಡಿದ್ದಾರೆ, ನನಗಂತೂ ಫಾರ್ಮಕಾಲಜಿಯಲ್ಲಿ ಇದಕ್ಕಿಂತ ಮಜವಾದ ವಿಷಯ ಸಿಕ್ಕಿಲ್ಲ. ಆದ್ರೆ ಕೆಲವೇ ದಿನಕ್ಕೆ ಅದರ ಪರಿಣಾಮ ಕುಗ್ಗುತ್ತೆ, ಹೃದಯದ ಬಡಿತದ ಲಯಾನೂ ಕೆಡಿಸಬಹುದು. ಅಜ್ಜಿ ಇಸಿಜಿ ನೋಡಿ ಡಾಕ್ಟ್ರು ಅದು ಬೇಡ ಅಂದ್ರು.

ಮೂರನೇ ದಿನಕ್ಕೆ ವಾಪಸ್ ಬಂದಿದ್ದು 80 ಎಂಎಲ್. ಅಮ್ಮನ ಮುಖದಲ್ಲಿ ಹಬ್ಬ.

ಆಮೇಲೆ ವಾರ್ಡಿಗೆ ಶಿಫ್ಟ್ ಆದ್ವಿ. ಚಾರ್ಟ್‌ನಲ್ಲಿ ಇಂಜೆಕ್ಷನ್ ಹಾಗೇ ಮುಂದುವರೀತಿತ್ತು, 6ನೇ ದಿನ. ಮೆಟೊಕ್ಲೋಪ್ರಮೈಡ್ ಮೆದುಳಿಗೂ ಹೋಗುತ್ತೆ. ಕೈ ನಡುಗಬಹುದು, ಕತ್ತು ತಿರುಚಿಕೊಳ್ಳಬಹುದು, ತುಂಬಾ ದಿನ ಕೊಟ್ರೆ ತುಟಿ-ನಾಲಿಗೆ ತಾವಾಗೇ ಆಡ್ತಾ ಅದು ಹಾಗೇ ಉಳಿದೂಬಿಡಬಹುದು. ವಯಸ್ಸಾದವರಿಗೆ ಅಪಾಯ ಹೆಚ್ಚು. 2013ರಲ್ಲಿ ಯುರೋಪಿನ ಔಷಧ ಸಂಸ್ಥೆ ಗರಿಷ್ಠ 5 ದಿನ ಅಂತ ಹೇಳಿದೆ. ಸ್ಟ್ರೋಕ್ ಆದ ಅಜ್ಜಿ ಕೈ ನಡುಗಿದ್ರೆ ಯಾವುದರಿಂದ ಅಂತ ಹೇಗೆ ಗೊತ್ತಾಗುತ್ತೆ?

ನಾನಿನ್ನೂ ನರ್ಸಿಂಗ್ ಸೆಕೆಂಡ್ ಇಯರ್, ರೌಂಡ್ಸ್‌ನಲ್ಲಿ ಬಾಯಿ ಬಿಡೋಕೆ ಭಯ. ಆದ್ರೂ ಕೇಳಿದೆ: "ಸರ್, ಇದನ್ನ ಯಾವಾಗ ನಿಲ್ಲಿಸ್ತೀರಾ?" ಅವರು ಚಾರ್ಟ್ ತಿರುವಿದ್ರು, ಪೆನ್ ತೆಗೆದ್ರು, ಗೆರೆ ಎಳೆದ್ರು. ಅಷ್ಟೇ.

ನಿಲ್ಲಿಸಿದ ಮೇಲೆ ಎರಡು ದಿನ ಎಲ್ಲರಿಗೂ ಡವಡವ. 60, 40, ಒಂದ್ಸಲ 110. ವಾಂತಿ ಇಲ್ಲ. ಈಗ ಅಮ್ಮ ಫೋನ್ ಎತ್ತಿದ ತಕ್ಷಣ "ಊಟ ಆಯ್ತಾ" ಅಂತ ಕೇಳಲ್ಲ, "ಎಷ್ಟು ವಾಪಸ್ ಬಂತು?" ಅಂತಾರೆ.

ಮುಂದಿನ ಭಾಗ: ನುಂಗೋ ಟೆಸ್ಟ್, ಒಂದು ಚಮಚ ನೀರಿಂದ.